ಬೇಕರಿಯಿಂದ ತಪ್ಪಿ ಬಂದ ಪಾತ್ರೆ

ನಾಕ್ಸೋಸ್ ದ್ವೀಪ, ಸೋಮವಾರ

ಪ್ರೀತಿಯ ಅಸಿಮೀನಾ ಅವರಿಗೆ,

ನಿಮ್ಮ ಪಾತ್ರೆಯನ್ನು ತೊಳೆದು ಈ ಪತ್ರದ ಜೊತೆ ಕಳಿಸಿದ್ದೇನೆ. ನಿನ್ನೆ ಬೇಕರಿಯ ಒಲೆಯಲ್ಲಿ ಬೇಯಲು ಕೊಟ್ಟಿದ್ದ ನಮ್ಮ ಊಟವನ್ನು ತರಲು ಹೋದ ನನ್ನ ಗಂಡ, ಕಾಫಿ ಅಂಗಡಿಯ ಮಾತಿನ ಗುಂಗಿನಲ್ಲಿ ಹೆಸರಿನ ಚೀಟಿ ನೋಡದೆ ನಿಮ್ಮದನ್ನು ಎತ್ತಿಕೊಂಡು ಬಂದರು. ಮೇಲಿನ ಕಾಗದ ತೆಗೆದಾಗಲೇ ನನಗೆ ಗೊತ್ತಾಯಿತು: ನಾನು ಆಲೂಗಡ್ಡೆಯನ್ನು ಅಷ್ಟು ದಪ್ಪಗೆ ಹೆಚ್ಚುವುದಿಲ್ಲ. ಅಷ್ಟರಲ್ಲಿ ಅತ್ತೆ ಒಂದು ತುಂಡು ಮಾಂಸ ಬಾಯಿಗೆ ಹಾಕಿಕೊಂಡಿದ್ದರು.

"ಅಬ್ಬಾ ಥೆಕ್ಲಾ, ಹದಿನೆಂಟು ವರ್ಷಕ್ಕೆ ಕೈ ಪಳಗಿತಲ್ಲೇ! ಇಷ್ಟು ದಿನ ನೀನು ಬಡಿಸ್ತಿದ್ದದ್ದು ಮಾಂಸಾನೋ ಚಪ್ಪಲೀನೋ ತಿಳೀತಿರಲಿಲ್ಲ" ಎಂದರು.

ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು. ಪಾತ್ರೆ ನಮ್ಮದಲ್ಲ ಎನ್ನದೆ ಎಲ್ಲರಿಗೂ ಬಡಿಸಿಬಿಟ್ಟೆ. ಅದು ಸುಳ್ಳೋ, ಬರೀ ಆಸೆಯೋ, ಈಗಲೂ ತೀರ್ಮಾನಿಸಲು ಆಗಿಲ್ಲ.

ಅಷ್ಟು ಕಡಿಮೆ ಹಂದಿಮಾಂಸದಲ್ಲಿ ನಮ್ಮ ಐದು ಜನರ ಹೊಟ್ಟೆ ತುಂಬಿತು. ತಳದಲ್ಲಿದ್ದ ನಿಂಬೆಹುಳಿಯ ರಸವನ್ನು ಮಕ್ಕಳು ಬ್ರೆಡ್ಡಿನಿಂದ ಒರೆಸಿ ತಿಂದರು. ನಮ್ಮ ಪಾತ್ರೆ ನಿಮ್ಮ ಮನೆ ಸೇರಿತೆಂದು ಬೇಕರಿಯವರು ಹೇಳಿದರು. ಅದರಲ್ಲಿ ಮಾಂಸವೇನೋ ಹೆಚ್ಚಿತ್ತು, ಆದರೆ ನಿಮ್ಮ ಯಜಮಾನರ ಹಲ್ಲುಗಳ ಬಗ್ಗೆ ನನಗೆ ಚಿಂತೆಯಿದೆ. ಕ್ಷಮಿಸಿ.

ಬರುವ ಭಾನುವಾರವೂ ಇದೇ ಅಡುಗೆ ಬೇಕೆಂದ ಅತ್ತೆ ತಮ್ಮ ಅಕ್ಕನನ್ನೂ ಊಟಕ್ಕೆ ಕರೆದಿದ್ದಾರೆ. ಶನಿವಾರ ಮಧ್ಯಾಹ್ನ ಚಾಕು, ಆಲೂಗಡ್ಡೆ ಹಿಡಿದುಕೊಂಡು ನಿಮ್ಮಲ್ಲಿಗೆ ಬರಲೇ? ದಯವಿಟ್ಟು ಕಲಿಸಿಕೊಡಿ. ನಾನು ಮಾಡಿದ್ದು ಸರಿಹೋದರೆ, ಅದೇ ಊಟದ ಮೇಜಿನಲ್ಲಿ ನಿಜ ಹೇಳುತ್ತೇನೆ. ಅದಕ್ಕೂ ಮೊದಲು ಅತ್ತೆ ಚರ್ಚಿನಲ್ಲಿ ಸಿಕ್ಕಿ ನನ್ನ ಅಡುಗೆಯನ್ನು ಹೊಗಳಿದರೆ, ನಗಬೇಡಿ.

ನಿಮ್ಮ ನೆರೆಮನೆಯ
ಥೆಕ್ಲಾ