ಕಣಕ್ಕೆ ಕಾಲು ಬೇಕು

೫ ಆಗಸ್ಟ್ ೨೦೨೫, ಮಂಗಳವಾರ

ಇವತ್ತೂ ಮೂರು ಚೆಂಡು ಹೋದವು. ಎರಡು ಜಾಲಿಕಂಟಿಯೊಳಗೆ, ಒಂದು ಹೆಡ್‌ಮಾಸ್ತರರ ಚಹಾದ ಕಪ್ಪಿನೊಳಗೆ. ಚಹಾ ಹೋಯಿತು, ನನ್ನ ಮಾನವೂ ಹೋಯಿತು. ಕುಣಿಕೋಣೂರ ಸಾಲೆಯ ಅಂಗಳ ಅಂಗಳವಲ್ಲ, ಕಲ್ಲಿನ ಸಂತೆ. ಚೆಂಡು ಯಾವ ಕಡೆ ಪುಟಿಯುತ್ತದೆ ಅನ್ನುವುದು ಅಲ್ಲಾಹನಿಗೇ ಗೊತ್ತು.

ಟ್ರಸ್ಟಿನವರು ಸಾಂಗಲಿಯಲ್ಲಿ ಹದಿನೈದು ದಿನ ಟ್ರೇನಿಂಗ್ ಕೊಟ್ಟು ಕೊರಳಿಗೆ ಕಾರ್ಡು ಹಾಕಿ ಕಳಿಸಿದ್ದಾರೆ. 'ಫಿರದೋಸ ನದಾಫ, ಟೆನಿಸ್ ಕೋಚ್.' ಕಾಲೇಜಿನಲ್ಲಿ ನಾನು ಆಡಿದ್ದು ಖೋಖೋ. ಟೆನಿಸ್ಸು ಟಿವಿಯಲ್ಲೂ ಪೂರ್ತಿ ನೋಡಿದವಳಲ್ಲ. ಆಟದ ಆಸೆಗೆ ಬಡ ಹುಡುಗರು ಸಾಲೆ ಬಿಡುವುದಿಲ್ಲ ಅನ್ನುವುದು ಅವರ ವಿಚಾರ. ರ‍್ಯಾಕೆಟ್ ಕೊಟ್ಟರು, ಚೆಂಡು ಕೊಟ್ಟರು. ನೆಲ? ಅದನ್ನು ನೀವೇ ನೋಡಿಕೊಳ್ಳಿ ಅಂದರು. ಕಡಲೆ ಇದ್ದವರಿಗೆ ಹಲ್ಲಿಲ್ಲ ಅಂದ ಹಾಗೆ.

ಉಮದಿಗೆ, ನಮ್ಮ ಮನೆಗೆ, ತಿರುಗಿ ಹೊರಟಾಗ ಊರ ಹೊರಗೆ, ಕುರಿಹಟ್ಟಿಯ ಪಕ್ಕ, ಒಂದು ಕಣ ಕಂಡಿತು. ರೊಟ್ಟಿ ಬಡಿಯುವ ಕಲ್ಲಿನಷ್ಟು ಸಪಾಟು. ದೊಡ್ಡ ಕೋರ್ಟ್ ಹಿಡಿಸದು, ಹುಡುಗರ ಸಣ್ಣ ಕೋರ್ಟಿಗೆ ಸಾಕು. ಸ್ಕೂಟಿ ನಿಲ್ಲಿಸಿ ನೋಡುತ್ತಾ ನಿಂತೆ. ಯಾರದೋ ಏನೋ… ಕೇಳಬೇಕು.

೮ ಆಗಸ್ಟ್, ಶುಕ್ರವಾರ

ಕಣ ಸಾವಿತ್ರವ್ವ ಆಯಿಯದು. ಕುರಿಯವರ ಮನೆ. ಮಗ ಮಹಾಂತ ಕುರಿ ಕಾಯುತ್ತಾನೆ, ಮೊಮ್ಮಗಳು ಮನಿಷಾ ನಮ್ಮ ಸಾಲೆಯಲ್ಲೇ ಐದನೆಯ ಇಯತ್ತೆ. ಆಯಿ ಕಣದ ಅಂಚಿನಲ್ಲಿ ಕುಳಿತು ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ನಾನು ಸಲಾಮು ಹೇಳುತ್ತಾ ನೇರ ಒಳಗೆ ಕಾಲಿಟ್ಟೆ.

"ಅಲ್ಲೇ ನಿಂದ್ರು. ಕಣ ಅಂದ್ರ ತಾಟ ಇದ್ದಂಗ. ಉಣ್ಣೂ ತಾಟಿನಾಗ ಕೆರ ಮೆಟಗೊಂಡು ನಿಂದರ್ತಿಯೇನು?"

ಚಪ್ಪಲಿ ಹೊರಗೆ ಬಿಟ್ಟೆ. ಬಂದ ಕೆಲಸ ಹೇಳಿದೆ. ಟೆನಿಸ್, ಟ್ರಸ್ಟ್, ಮಕ್ಕಳ ವಿಕಾಸ… ಆಯಿ ಇದಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೇಳಿದ್ದು ಒಂದೇ.

"ಹುಡುಗೂರು ಓಡತಾವೇನ?"

"ಭಾಳ ಓಡತಾವ್ರಿ ಆಯಿ."

"ಹಂಗಾರ ಬರ್ಲಿ. ಈಗ ರಾಶಿ ಮಷೀನದಾಗ, ಹೊಲದಾಗನ ಆಗತೈತಿ. ಎತ್ತೂ ಇಲ್ಲ. ತುಳಿಯವರಿಲ್ಲದ ಕಣ ಬಿರಿತೈತಿ ಮಗಳ. ಕಣಕ್ಕ ಕಾಲು ಬೇಕು. ಎತ್ತಿಂದರ ಆಗಲಿ, ಹುಡುಗೂರ್ದರ ಆಗಲಿ."

ಊರಿನ ಉಳಿದ ಕಣಗಳಲ್ಲಿ ಯಾರೋ ತಿಪ್ಪೆ ಹಾಕಿದ್ದಾರೆ, ಯಾರೋ ಟ್ರ್ಯಾಕ್ಟರ್ ನಿಲ್ಲಿಸಿದ್ದಾರೆ. ಈಕೆ ಮಾತ್ರ ಯಾವ ರಾಶಿಯೂ ಬರದ ಕಣವನ್ನು ಇಷ್ಟು ವರ್ಷ ಸೆಗಣಿ ಸಾರಿಸಿ ಇಟ್ಟುಕೊಂಡಿದ್ದಾಳೆ. ಹೂಂ ಅಂದು ಬಂದೆ. ಕರಾರು: ಕೆರ ಬೇಡ, ಆಟ ಮುಗಿದ ಮೇಲೆ ಕಿತ್ತ ಜಾಗಕ್ಕೆ ನೀರು ಚಿಮುಕಿಸಿ ಕೈಯಿಂದ ಸವರಿ ಹೋಗಬೇಕು.

೨೧ ಆಗಸ್ಟ್, ಗುರುವಾರ

ನೆಟ್ ಸಿಕ್ಕಿತು. ಮಹಾಂತಣ್ಣ ರಾತ್ರಿ ಕುರಿ ತರುಬುವ ಬಲೆಯನ್ನೇ ಕೊಟ್ಟ. ಎರಡು ಗೂಟ, ನಡುವೆ ಬಲೆ. ಹಗಲು ಟೆನಿಸ್, ರಾತ್ರಿ ಕುರಿ. ಚೆಂಡಿಗೂ ಈಗ ಕುರಿಯ ವಾಸನೆ.

ಸ್ಕೋರಿನಲ್ಲಿ ಇನ್ನೊಂದು ತಕರಾರು. ಸೊನ್ನೆಗೆ ಲವ್ ಅನ್ನಬೇಕು, ಊರವರ ಮುಂದೆ ಹೇಗೆ ಅನ್ನಿಸಲಿ? ಸೊನ್ನೆ ಅಂತಲೇ ಕಲಿಸಿದೆ. ಆಯಿ ಅಂಚಿನಿಂದಲೇ ಗದರಿಸಿದಳು. "ಕಣದಾಗ ಸೊನ್ನಿ ಅಂತ ಅನಬಾರದು. ರಾಶಿ ಅಳಿಯೂಮುಂದ ನಾವು ಒಂದು ಅಂತನೂ ಅನ್ನಂಗಿಲ್ಲ, ಲಾಭ ಅಂತೀವಿ." ಸರಿ, ಇನ್ನು ಮೇಲೆ ಲಾಭ–ಹದಿನೈದು.

ಬರೆಯಬೇಕಾದ್ದು ಇದಲ್ಲ. ಮನಿಷಾ.

ಇವತ್ತು ಅವಳ ಎದುರು ನಾನೇ ನಿಂತೆ. ಓಡುವಾಗ ಅವಳ ಕಾಲು ಸದ್ದು ಮಾಡುವುದಿಲ್ಲ. ಮಲಗಿದ ಮರಿಗಳ ನಡುವೆ ಓಡಾಡಿದ ಕಾಲು. ಚೆಂಡು ಹೋಯಿತು, ಬಂತು, ಹೋಯಿತು, ಬಂತು… ನನ್ನ ಉಸಿರು ಮೇಲೆ ಸಿಕ್ಕಿಕೊಂಡಿತು. ಆಮೇಲೆ ಗೊತ್ತಾಯಿತು, ಅವಳು ಕಳಿಸಿದ ಪ್ರತಿ ಚೆಂಡೂ ನನ್ನ ರ‍್ಯಾಕೆಟ್ಟಿಗೇ ಬರುತ್ತಿದೆ. ನಾನು ಎಲ್ಲಿ ನಿಂತರೆ ಅಲ್ಲಿಗೆ.

"ನನ್ನ ಹತ್ರ ಯಾಕ ಹೊಡಿತಿ? ದೂರ ಹೊಡಿ, ಅಂದ್ರ ಗೆಲ್ಲತಿ."

"ದೂರ ಹೊಡದ್ರ ಆಟ ಮುಗಿತೈತಲ್ರಿ ಅಕ್ಕಾರ."

ಕಣದ ಮೇಲೇ ಕುಳಿತುಬಿಟ್ಟೆ. ಕೋಚ್ ಅಂತೆ ನಾನು! ಮೈ ಜುಮ್ಮೆಂದದ್ದು ಈಗಲೂ ಇಳಿದಿಲ್ಲ. "ಇನ್ನೊಂದ್ರಿ ಅಕ್ಕಾರ" ಅನ್ನುತ್ತಾ ಅವಳು ಆಗಲೇ ಚೆಂಡು ಹಿಡಿದು ನಿಂತಿದ್ದಳು.

ಹೆಡ್‌ಮಾಸ್ತರರು ಹೇಳಿದರು, ಭಾಳ ಆಸೆ ಇಟ್ಟುಕೊಳ್ಳಬೇಡ. ದೀಪಾವಳಿ ಮುಗಿದರೆ ಆಕೆ ಅಪ್ಪ ಅವ್ವನ ಜೊತೆ ಕುರಿಯ ಹಿಂದೆ ಕೃಷ್ಣೆಯ ಕಡೆ ಹೋಗುತ್ತಾಳೆ, ಬರುವುದು ಯುಗಾದಿ ದಾಟಿದ ಮೇಲೆ. ಪ್ರತಿ ವರ್ಷ ಅರ್ಧ ಸಾಲೆ.

೬ ಸೆಪ್ಟೆಂಬರ್, ಶನಿವಾರ

ಟ್ರಸ್ಟಿನ ರಾಜಕುಮಾರ ಸರ್ ಸಾಂಗಲಿಯಿಂದ ಬಂದಿದ್ದರು. ಜೊತೆಗೆ ಒಂದು ಚೀಲ ತುಂಬ ಬಿಳಿ ಬೂಟು. ಬೂಟಿಲ್ಲದೆ ಆಡಿಸುವಂತಿಲ್ಲ, ಕಾಲಿಗೆ ಪೆಟ್ಟಾದರೆ ಯಾರು ಜವಾಬ್ದಾರಿ ಎಂದು ಮರಾಠಿಯಲ್ಲಿ ನನಗೆ ಮಂಗಳಾರತಿ. ಹುಡುಗರು ಬೂಟು ಹಾಕಿಕೊಂಡು ಕಣದ ಹೊರಗೆ ಸಾಲಾಗಿ ನಿಂತವು. ಒಂದೂ ಒಳಗೆ ಕಾಲಿಡಲಿಲ್ಲ. ಸರ್ ಕರೆದರು, ಚಪ್ಪಾಳೆ ತಟ್ಟಿದರು. ಯಾರೂ ಅಲುಗಲಿಲ್ಲ.

"ನೀವ ಕಳದ ಬರ್ರಿ ಸಾಹೇಬ್ರ, ಕುಂದ್ರಿ" ಅಂದಳು ಆಯಿ.

ಸರ್ ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ. ಕೊನೆಗೆ ಬೂಟು ಬಿಚ್ಚಿದರು. ಕಾಲುಚೀಲದಲ್ಲಿ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಹುಡುಗರು ನಗಲಿಲ್ಲ, ನಾನು ನಕ್ಕೆ. ಹತ್ತು ಮಿನಿಟು ಮನಿಷಾಳ ಆಟ ನೋಡಿದ ಮೇಲೆ ಅವರ ಬಾಯಲ್ಲಿ ಬೂಟಿನ ಮಾತೇ ಇಲ್ಲ. ಹೋಗುವಾಗ ಅಂದದ್ದು ಇಷ್ಟು: ಇಪ್ಪತ್ತೆಂಟಕ್ಕೆ ಆಯ್ಕೆಯ ಆಟ ಇದೆ, ಹುಡುಗರನ್ನು ಸಾಂಗಲಿಗೆ ಕರೆದುಕೊಂಡು ಬಾ.

೨೮ ಸೆಪ್ಟೆಂಬರ್, ಭಾನುವಾರ. ವಾಪಸ್ ಬಸ್ಸಿನಲ್ಲಿ

ಬಸ್ಸಿನ ಕುಲುಕಾಟಕ್ಕೆ ಅಕ್ಷರ ಓರೆ ಹೋಗುತ್ತಿವೆ.

ಕೆಂಪು ಮಣ್ಣಿನ ಕೋರ್ಟ್. ಇಷ್ಟು ಮೆತ್ತಗಿನ, ಇಷ್ಟು ಒಪ್ಪವಾದ ನೆಲವನ್ನು ನಮ್ಮ ಹುಡುಗರು ಕಂಡದ್ದಿಲ್ಲ. ಬಾಗಿಲಲ್ಲೇ ಎಲ್ಲರೂ ಬೂಟು ಬಿಚ್ಚಿ ಸಾಲಾಗಿ ಜೋಡಿಸಿದರು. ಅಂಪೈರ್ ಬೂಟು ಕಡ್ಡಾಯ ಅಂದ. ಮನಿಷಾ ನನ್ನ ಕಡೆ ನೋಡಿದಳು. ನಾನು ಹಾಕ್ಕೋ ಅಂದೆ. ಬಾಗಿ ನೆಲ ಮುಟ್ಟಿ ಹಣೆಗೆ ಒತ್ತಿಕೊಂಡು, ತಪ್ಪಾಯಿತು ಅನ್ನುವ ಮುಖ ಮಾಡಿ, ಹಾಕಿಕೊಂಡಳು.

ಎದುರಿಗೆ ಸಾಂಗಲಿಯ ಹುಡುಗಿ. ಚುರುಕು, ಒಳ್ಳೆಯ ಆಟ. ಮೊದಲ ಗೇಮುಗಳಲ್ಲಿ ಮನಿಷಾ ಬೂಟು ತೊಡರಿ ಎರಡು ಸಲ ಬಿದ್ದಳು. ಆಮೇಲೆ ಕಾಲು ನೆಲ ಹಿಡಿಯಿತು. ಒಂದು ರ‍್ಯಾಲಿ… ಹೇಗೆ ಬರೆಯಲಿ? ಚೆಂಡು ಹೋಗುತ್ತಲೇ ಇತ್ತು, ಬರುತ್ತಲೇ ಇತ್ತು. ಪಕ್ಕದ ಕೋರ್ಟಿನವರು ಆಟ ನಿಲ್ಲಿಸಿದರು. ಚಹಾ ಕೊಡುವವನು ಕಿಟ್ಲಿ ಹಿಡಿದು ಹಾಗೇ ನಿಂತ. ಎದುರಿನ ಹುಡುಗಿಯ ಮುಖದಲ್ಲೇ ನಗು ಬಂತು. ಗೆಲ್ಲುವುದನ್ನು ಇಬ್ಬರೂ ಮರೆತುಬಿಟ್ಟಿದ್ದರು. ನಮಾಜಿನಲ್ಲಿ ಕೂಡ ನನ್ನ ಮನಸ್ಸು ಹಾಗೆ ಒಂದೇ ಕಡೆ ನಿಂತದ್ದು ಕಡಿಮೆ.

ಸೋತಳು. ಸೋತದ್ದು ಅವಳಿಗೆ ಗೊತ್ತಾಯಿತೋ ಇಲ್ಲವೋ. ಬೂಟು ಕಳಚಿ, ಬಕೆಟ್ ಹುಡುಕಿ, ನಮ್ಮ ಹುಡುಗರನ್ನೆಲ್ಲ ಕರೆದಳು. ಎಲ್ಲರೂ ಕುಕ್ಕರಗಾಲಿನಲ್ಲಿ ಕುಳಿತು, ಕಿತ್ತ ಮಣ್ಣಿಗೆ ನೀರು ಚಿಮುಕಿಸಿ ಅಂಗೈಯಿಂದ ಸವರತೊಡಗಿದರು. ಯಾರೂ ಹೇಳಿರಲಿಲ್ಲ. ಸ್ವಲ್ಪ ಹೊತ್ತಿಗೆ ಗೆದ್ದ ಹುಡುಗಿಯೂ ಬಂದು ಕುಳಿತಳು. ರಾಜಕುಮಾರ ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಧೂಳು ಅಂದರು. ಇರಬಹುದು.

೧ ಅಕ್ಟೋಬರ್, ಬುಧವಾರ

ಫೋನ್ ಬಂತು. ಮನಿಷಾ ಆಯ್ಕೆ. ನವೆಂಬರಿನಿಂದ ಮಾರ್ಚಿನವರೆಗೆ ಪ್ರತಿ ಭಾನುವಾರ ಜತ್ತದಲ್ಲಿ ಶಿಬಿರ. ನಡುವೆ ತಪ್ಪಿಸಿದರೆ ಹೆಸರು ತೆಗೆಯುತ್ತಾರೆ. ಮುಗಿಸಿದರೆ ಮುಂದೆ ಸಾಂಗಲಿಯ ಹಾಸ್ಟೆಲು, ಸಾಲೆ, ಎಲ್ಲ ಟ್ರಸ್ಟಿನದು.

ನವೆಂಬರಿನಿಂದ ಮಾರ್ಚ್. ಅವಳು ಕುರಿಯ ಹಿಂದೆ ಇರುವ ತಿಂಗಳುಗಳೇ ಅವು.

ಸಂಜೆ ಅವರ ಮನೆಗೆ ಹೋದೆ. ಮಹಾಂತಣ್ಣ ಪೂರ್ತಿ ಕೇಳಿಸಿಕೊಂಡ. "ಮರಿ ಹಾಕೂ ಕಾಲ ಐತ್ರಿ ಅಕ್ಕಾರ. ದಾರ್ಯಾಗ ಈದ್ರ ಮರಿ ಹೊತ್ತು ನಡಿಯಾಕ ಒಬ್ರು ಬೇಕು. ನಾ ಮುಂದ ಇರಬೇಕು, ಆಕಿ ಅವ್ವ ಕುದರಿ ನೋಡಬೇಕು. ಕೈ ಸಾಲಂಗಿಲ್ರಿ."

ನನ್ನ ಬಾಯಿ ನಿಂತರೆ ತಾನೇ? ಆಯಿಯ ಕಡೆ ತಿರುಗಿದೆ. "ನೀವರ ಹೇಳ್ರಿ ಆಯಿ. ಒಂದು ಹುಡುಗೀನ ಬಿಟ್ಟು ಹೋದ್ರ ನಿಮ್ದೇನು ಗಂಟು ಹೋಗತೈತಿ? ಮರಿ ಹೊರಾಕ ಹುಟ್ಯಾಳೇನು ಆಕಿ?"

ಆಯಿ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಲೇ ಇದ್ದಳು. ಮನಿಷಾ ಬಾಗಿಲ ಹಿಂದೆ ನಿಂತು ಒಂದು ಮರಿಯ ಕಿವಿ ಸವರುತ್ತಿದ್ದಳು. ಚಹಾ ಕುಡಿಯದೆ ಎದ್ದು ಬಂದೆ. ಮನೆಗೆ ಬಂದು ಅಬ್ಬಾನಿಗೆ ಹೇಳಿದರೆ ಗಾದಿ ಹೊಲಿಯುವ ಸೂಜಿ ನಿಲ್ಲಿಸಿ ಕೇಳಿದ, "ಹಂಗಾರ ಮರಿ ಯಾರು ಹೊರಬೇಕು, ನೀ ಹೊರತಿಯೇನು?" ಕೇಳಿದ್ದು ಸರಿಯೇ. ಅದಕ್ಕೇ ಇನ್ನೂ ಸಿಟ್ಟು.

೧೨ ಅಕ್ಟೋಬರ್, ಭಾನುವಾರ

ವಾರದಿಂದ ಮನಿಷಾ ಕಣಕ್ಕೆ ಬಂದಿಲ್ಲ. ಕುರಿಗಳ ಉಣ್ಣೆ ಕತ್ತರಿಸುವ ಕೆಲಸವಂತೆ. ಉಳಿದ ಹುಡುಗರು ಆಡುತ್ತವೆ. ಆಟ ಬೇಗ ಬೇಗ ಮುಗಿಯುತ್ತದೆ.

ಆಯಿಯೂ ಅಂಚಿನಲ್ಲಿ ಕೂರುವುದಿಲ್ಲ. ದಿನಾ ಸಂಜೆ ಕೋಲು ಹಿಡಿದು ಹೊಲದ ದಾರಿಯಲ್ಲಿ ನಡೆಯುತ್ತಾಳೆ, ನಿಲ್ಲುತ್ತಾಳೆ, ಮತ್ತೆ ನಡೆಯುತ್ತಾಳೆ. ನನ್ನನ್ನು ಕಂಡರೆ ಮುಖ ತಿರುಗಿಸುತ್ತಾಳೆ ಅಂದುಕೊಂಡು ನಾನೇ ಮೊದಲು ತಿರುಗಿಸಿದೆ.

೨೪ ಅಕ್ಟೋಬರ್, ಶುಕ್ರವಾರ

ಬೆಳಗಿನ ಜಾವವೇ ಹೋದೆ. ಇವತ್ತು ಹಟ್ಟಿ ಏಳುತ್ತದೆಂದು ಹೇಳಿದ್ದರು. ಮನಿಷಾಳಿಗೆ ಕೊಡಲು ಒಂದು ಹೊಸ ಚೆಂಡು ಒಯ್ದಿದ್ದೆ. ದಾರಿಯಲ್ಲಿ ಕಲ್ಲಿಗೆ ಹೊಡೆದುಕೊಂಡು ಹೋಗಲಿ, ಕೈ ಮರೆಯದಿರಲಿ ಅಂತ.

ಕುರಿ ಹೊರಟು ನಿಂತಿದ್ದವು. ಬಲೆ, ಪಾತ್ರೆ, ಎಲ್ಲ ಕುದುರೆಯ ಮೇಲೆ. ಮಹಾಂತಣ್ಣ ಮುಂದೆ. ಹಿಂದೆ, ಕಂಬಳಿ ಹೆಗಲಿಗೆ ಹಾಕಿ, ಸೆರಗು ನಡಕ್ಕೆ ಬಿಗಿದು, ಜೋಳಿಗೆಯಲ್ಲಿ ಎರಡು ಮರಿ ಇಟ್ಟುಕೊಂಡು… ಸಾವಿತ್ರವ್ವ ಆಯಿ.

ಮನಿಷಾ ಊರಲ್ಲೇ ಉಳಿಯುವ ಚಿಗವ್ವ ಯಮನವ್ವನ ಕೈ ಹಿಡಿದು ಕಣದ ಪಕ್ಕ ನಿಂತಿದ್ದಳು.

"ಆಯಿ, ನೀವೆಲ್ಲಿಗ್ರಿ?"

"ಒಬ್ರು ಹೋಗಬೇಕಲ್ಲ ಮಗಳ."

"ನಿಮ್ಮ ಮೊಣಕಾಲ…"

"ಅವು ನನಗಿಂತ ಮದಲ ಮುದುಕ್ಯಾಗ್ಯಾವ. ಹದಿನೈದ ದಿನ ನಡದ ನೋಡೀನಿ, ಬಿಸಿ ಆದ್ರ ಕೇಳತಾವ." ಒಂದು ಮರಿಯ ತಲೆ ಒಳಗೆ ಒತ್ತಿದಳು. "ನನ್ನ ಕಾಲು ಕುರಿಗಿ ಇರಲಿ. ಆಕಿ ಕಾಲು ಕಣಕ್ಕ ಬಿಟ್ಟ ಹೊಂಟೀನಿ."

ಸಂಜೆ ಸಂಜೆ ನಡೆದದ್ದು ಇದಕ್ಕೆ. ನಾನು ಮುಖ ತಿರುಗಿಸಿಕೊಂಡಾಗ ಆಯಿ ಕಾಲು ಪಳಗಿಸುತ್ತಿದ್ದಳು.

ಕಾಲಿಗೆ ಬೀಳಬೇಕು ಅನ್ನಿಸಿತು, ಬೀಳಲಾಗಲಿಲ್ಲ. ಕೈ ಹಿಡಿದುಕೊಂಡೆ. ಒರಟು ಕೈ, ಎಣ್ಣೆಯ ವಾಸನೆ. ಅತ್ತುಬಿಟ್ಟೆ. ಆಯಿ ಅಳಲಿಲ್ಲ, ಬೈದಳು. "ನೀರ ಚಿಮುಕ್ಸೂದು ಮರೀಬ್ಯಾಡ್ರಿ. ಸೊನ್ನಿ ಗಿನ್ನಿ ಅಂದ್ರ ತಿರುಗಿ ಬಂದು ಬಾರಸ್ತೀನಿ." ಕೋಲು ಊರಿದಳು. ನಡೆದಳು. ಕುರಿ ಏರು ದಾಟುವವರೆಗೆ ನೋಡುತ್ತಾ ನಿಂತೆವು. ಆಕೆ ಒಂದು ಸಲವೂ ಹಿಂದೆ ನೋಡಲಿಲ್ಲ.

ಇಷ್ಟು ದೊಡ್ಡದನ್ನು ಇಷ್ಟು ಸಣ್ಣ ಮಾತಿನಲ್ಲಿ ಕೊಟ್ಟು ಹೋದವರನ್ನು ನಾನು ಕಂಡಿಲ್ಲ. ಇಡೀ ದಿನ ಅದೇ ತಲೆಯಲ್ಲಿ.

೨೫ ಅಕ್ಟೋಬರ್, ಶನಿವಾರ. ಸಂಜೆ, ಕಣದ ಅಂಚಿನಲ್ಲಿ

ಬಲೆ ಕುರಿಯ ಜೊತೆ ಹೋಯಿತು. ಅಬ್ಬಾ ಗಾದಿಯ ಉಳಿದ ಬಟ್ಟೆಗಳನ್ನು ಕೂಡಿಸಿ ಉದ್ದ ಪಟ್ಟಿ ಹೊಲಿದು, ಉಮದಿಯಿಂದ ತಾನೇ ಬಸ್ಸಿನಲ್ಲಿ ತಂದ. ಕೆಂಪು ಗೆರೆ, ನೀಲಿ ಹೂವು. ಇಂಥ ನೆಟ್ ಜಗತ್ತಿನಲ್ಲಿ ಇನ್ನೊಂದಿರಲಾರದು. ಅಬ್ಬಾ ಚಪ್ಪಲಿ ಹೊರಗೆ ಬಿಟ್ಟು ಬಂದ, ಯಾರೂ ಹೇಳದೆ.

ಮನಿಷಾ ಬಂದಳು. ಮೊದಲು ಕಣ ಗುಡಿಸಿದಳು. ಆಮೇಲೆ ಏರಿನ ಕಡೆ ನೋಡಿದಳು.

"ಇವತ್ತ ಎಲ್ಲಿ ಹಟ್ಟಿ ಹಾಕ್ಯಾರೋ ಏನೋ ಆಯಿ."

"ಬಿಸಿ ಆಗಿರಬೇಕು ಕಾಲು" ಅಂದೆ. ನಕ್ಕಳು. ಕಣ್ಣು ಒರೆಸಿಕೊಂಡಳು. ಎರಡೂ ಒಟ್ಟಿಗೆ.

ಲಾಭ–ಲಾಭ ಅಂತ ಶುರು ಮಾಡಿದೆವು. ನಾನು ದೂರ ಹೊಡೆಯಲಿಲ್ಲ. ಅವಳೂ ಹೊಡೆಯಲಿಲ್ಲ. ಮುಂದಿನ ಭಾನುವಾರ ಶಿಬಿರ, ಅಲ್ಲಿ ದೂರ ಹೊಡೆಯುವುದನ್ನು ಕಲಿಸುತ್ತಾರೆ, ಕಲಿಯಲಿ. ಇಲ್ಲಿ ಮಾತ್ರ ಹೀಗೇ ಇರಲಿ. ನೀರು ಕುಡಿಯಲೆಂದು ನಾನು ಕುಳಿತೆ, ಕುಳಿತವಳು ಇದನ್ನು ಬರೆಯುತ್ತಿದ್ದೇನೆ. ಬಿಸಿಲು ಇನ್ನೂ ಸ್ವಲ್ಪ ಇದೆ.

"ಇನ್ನೊಂದ್ರಿ ಅಕ್ಕಾರ."

ಕರೆಯುತ್ತಿದ್ದಾಳೆ. ಆಟ ಇನ್ನೂ—