ತಪ್ಪು ವಿಳಾಸಕ್ಕೆ ಹೋದ ಮೂರು ಅರ್ಜಿ

ಮನೆಯಿಂದ,
ಹನ್ನೆರಡನೆಯ ತಾರೀಖು, ಭಾನುವಾರ ಬೆಳಿಗ್ಗೆ

ಮುದ್ದು ಮಗಳೇ,

ಹೇಗಿದ್ದೀಯ? ಹಿಮ್ಮಡಿ ನೋವು ಕಮ್ಮಿಯಾಯಿತೇ? ದಿನವಿಡೀ ವಾರ್ಡಿನಲ್ಲಿ ನಿಂತೇ ಇರುವ ನರ್ಸಮ್ಮ ನೀನು, ರೋಗಿಗಳಿಗೆ ಹೇಳುವ ಬುದ್ಧಿಮಾತಿನಲ್ಲಿ ಕಾಲುಭಾಗವನ್ನಾದರೂ ನಿನಗೇ ಹೇಳಿಕೋ. ನಾವಿಬ್ಬರೂ ಗುಂಡುಕಲ್ಲಿನ ಹಾಗಿದ್ದೇವೆ. ನಿನ್ನಪ್ಪ ಹೊಲಿಗೆ ಯಂತ್ರದ ಮುಂದೆ ಕೂತು, "ವಿದ್ಯಾರ್ಥಿನಿ ಪತ್ರ ಬರೀತಿದಾಳೆ, ಯಾರೂ ಗಲಾಟೆ ಮಾಡಬೇಡಿ" ಎಂದು ಖಾಲಿ ಮನೆಗೆ ಸಾರುತ್ತಿದ್ದಾರೆ.

ಅಂಚೆ ಹಂಚುವ ಕೆಲಸದಿಂದ ನಿವೃತ್ತಳಾದ ಮೇಲೆ ಕಾಲೇಜಿಗೆ ಸೇರಿದೆನಲ್ಲ, ಈ ವರ್ಷ ಕೇಂದ್ರ ಸರ್ಕಾರ ಮತ್ತು ರಾಜ್ಯ ಸರ್ಕಾರಗಳ ಪರಿಚಯ ಪಾಠ. ಮೇಷ್ಟರು ನಿನಗಿಂತ ಚಿಕ್ಕವರು. ನಾನು ತರಗತಿಯೊಳಗೆ ಕಾಲಿಟ್ಟಾಗಲೆಲ್ಲ ಎದ್ದು ನಿಲ್ಲುತ್ತಿದ್ದರು. "ಕೂತ್ಕೊಳ್ಳಿ ಸಾರ್, ನಾನು ಪಾಠ ಮಾಡೋಕೆ ಬಂದಿಲ್ಲ" ಅಂದ ಮೇಲೆ ಬಿಟ್ಟರು. ಮಕ್ಕಳು ನನ್ನನ್ನು ಅಂಚೆಯಮ್ಮ ಅನ್ನುತ್ತವೆ. ಇಷ್ಟು ವರ್ಷ ಸರ್ಕಾರವೆಂದರೆ ಒಂದೇ ಗಂಟು ಅಂದುಕೊಂಡಿದ್ದೆ. ಬಿಚ್ಚಿ ನೋಡಿದರೆ ಸೈನ್ಯ, ನಾಣ್ಯ, ರಾಷ್ಟ್ರೀಯ ಹೆದ್ದಾರಿ ಒಬ್ಬರದು. ಪೊಲೀಸು, ಆಸ್ಪತ್ರೆ ಇನ್ನೊಬ್ಬರದು. ಕೆಲವು ಇಬ್ಬರಿಗೂ ಸೇರಿದ್ದು. ನಿನ್ನಪ್ಪನಿಗೆ ವಿವರಿಸಿದೆ. "ಗೊತ್ತಾಯ್ತು ಬಿಡು. ಅಡುಗೆಮನೆ ನಿಂದು, ರೇಡಿಯೋ ನಂದು, ಏನಾದ್ರೂ ಕೆಟ್ಟರೆ ಇಬ್ಬರದೂ" ಅಂದರು. ಪರೀಕ್ಷೆಯಲ್ಲಿ ಹಾಗೇ ಬರೆಯೋಣ ಅನ್ನಿಸಿತು.

ಈಗ ದೊಡ್ಡ ಸುದ್ದಿ. ನಮ್ಮ ಬೀದಿಯ ಬಾಯಿಗೆ ಇರುವ ದೊಡ್ಡ ರಸ್ತೆಯಲ್ಲಿ ಚಪ್ಪಲಿ ಹೊಲಿಯುವ ತಾತನಿಗೆ ಲಾರಿ ತಗುಲಿ ಕಾಲು ಮುರಿದದ್ದು ನಿನಗೆ ಗೊತ್ತು. ದಾಟಲು ಗುರುತು ಹಾಕಿಸಿ, ಸಿಗ್ನಲ್ ದೀಪ ಕೊಡಿ ಎಂದು ನಾನು ರಾಜ್ಯದ ರಸ್ತೆ ಕಚೇರಿಗೆ ಮೂರು ಅರ್ಜಿ ಹಾಕಿದ್ದೆ. ಹೂಂ ಇಲ್ಲ, ಉಹೂಂ ಇಲ್ಲ. ತರಗತಿಯಲ್ಲಿ ಎದ್ದು ಅದನ್ನೇ ಕೇಳಿದೆ. ಮೇಷ್ಟರು, "ಅಮ್ಮಾ, ಅಲ್ಲಿನ ಮೈಲಿಗಲ್ಲಿನ ಮೇಲೆ ಯಾರ ಮುದ್ರೆ ಇದೆ?" ಅಂದರು. ಮೂವತ್ತೊಂದು ವರ್ಷ ಅದೇ ಕಲ್ಲಿನ ಮೇಲೆ ಚೀಲ ಇಳಿಸಿ ಸುಧಾರಿಸಿಕೊಂಡವಳು, ಒಂದು ದಿನವೂ ಓದಿರಲಿಲ್ಲ. ಮರುದಿನ ಹೋಗಿ ಮನೆಯ ಬೀಗದ ಕೈಯಿಂದ ಪಾಚಿ ಕೆರೆದೆ. ಹಿಂದೆ ತರಗತಿಯ ಐದಾರು ಮಕ್ಕಳು. ಕೇಂದ್ರ ಸರ್ಕಾರದ ಮುದ್ರೆ! ಊರಿನವರ ವಿಳಾಸವನ್ನೆಲ್ಲ ತಿದ್ದಿದವಳು ನನ್ನ ಅರ್ಜಿಯನ್ನೇ ತಪ್ಪು ಬಾಗಿಲಿಗೆ ಹಾಕಿದ್ದೆ. ಮಕ್ಕಳು ನಕ್ಕವು. ನಾನೂ ನಕ್ಕೆ, ಆದರೆ ತಾತನ ಕಾಲು ನೆನಪಾಗಿ ಅಲ್ಲೇ ನಿಲ್ಲಿಸಿದೆ.

ದೀಪ ಮತ್ತು ಪೊಲೀಸಿನವರು ಮಾತ್ರ ರಾಜ್ಯದ ಪಾಲು ಎಂದರು ಮೇಷ್ಟರು. ಹಾಗಾಗಿ ಎರಡು ಅರ್ಜಿ ಸಿದ್ಧವಾದವು. ತರಗತಿಯಲ್ಲಿ ತುಟಿಪಿಟಕ್ಕೆನ್ನದ ಹುಡುಗಿಯೊಬ್ಬಳು ಅವನ್ನು ಬರೆದಳು, ಕತ್ತರಿಸಿದ ಹಾಗೆ ಮಾತು! ಇಡೀ ಬೀದಿ ಸಹಿ ಹಾಕಿತು. ಏಳು ವಾರ ಕಳೆದು ಎಂಜಿನಿಯರ್ ಅಳತೆಪಟ್ಟಿ ಹಿಡಿದು ಬಂದರು. ಹೋದ ಮಂಗಳವಾರ ರಸ್ತೆಯಡ್ಡ ಬಿಳಿ ಪಟ್ಟೆಗಳು ಬಂದವು. ದೀಪದ ಕಡೆಯಿಂದ "ಪರಿಶೀಲನೆಯಲ್ಲಿದೆ" ಎಂಬ ಉತ್ತರ ಬಂದಿದೆ. ಆ ಪದವನ್ನು ಮನೆಮನೆಗೆ ಹೊತ್ತವಳು ನಾನು, ಅದರ ತೂಕ ನನಗೆ ಗೊತ್ತು. ಮತ್ತೆ ಬರೆಯುತ್ತೇನೆ.

ಬುಧವಾರ ತಾತ ಕೋಲೂರಿಕೊಂಡು ಪಟ್ಟೆಯ ಅಂಚಿಗೆ ನಿಂತ. ಲಾರಿಯೊಂದು ಬಂದು ನಿಂತೇ ಬಿಟ್ಟಿತು. ತಾತ ನಂಬಲಿಲ್ಲ, "ನೀನು ಹೋಗಪ್ಪ" ಎಂದು ಕೈಬೀಸಿದ. ಚಾಲಕ, "ಇಲ್ಲಜ್ಜ, ನೀವು ಹೋಗಿ" ಎಂದ. ಬೀಗರ ಉಪಚಾರದಂತೆ ಇದು ನಡೆಯುತ್ತಲೇ ಇತ್ತು, ಹಿಂದೆ ಹಾರನ್ ಬೇರೆ. ಕೊನೆಗೆ ತಾತ ದಾಟಿದ, ಆ ಬದಿಗೆ ಹೋಗಿ ತಿರುಗಿ ರಸ್ತೆಯನ್ನೊಮ್ಮೆ ನೋಡಿದ. ನಾನು ಸೆರಗಿನಿಂದ ಕಣ್ಣೊರೆಸಿಕೊಂಡು ತರಗತಿಗೆ ತಡವಾಗಿ ಹೋದೆ. ಮೇಷ್ಟರು ಬೈಯಲಿಲ್ಲ.

ನೂರ್ಕಾಲ ನಗುನಗುತ್ತಾ ಬಾಳು. ಜೊತೆಯ ನರ್ಸಮ್ಮಂದಿರಿಗೆಲ್ಲ ನಮ್ಮ ನೆನಪು ತಿಳಿಸು.

ನಿನ್ನ ಅಮ್ಮ

ಮರೆತಿದ್ದೆ: ಹದಿನೇಳನೇ ವಯಸ್ಸಿನಲ್ಲಿ ನೀನು ಈ ಸರ್ಕಾರದ ವಿಷಯವನ್ನೇ ಓದುತ್ತೇನೆ ಅಂದಿದ್ದೆ. "ಅದು ಅನ್ನ ಹಾಕುತ್ತಾ?" ಎಂದು ನಿನ್ನ ಬಾಯಿ ಮುಚ್ಚಿಸಿದವಳು ನಾನು. ಯಾಕೆ ಬೇಕೆಂದು ಕೇಳಲೇ ಇಲ್ಲ. ಕೆಲಸದಲ್ಲಿರುವವರು ಅಂಚೆಯ ಮೂಲಕ ಓದಬಹುದಂತೆ. ಅರ್ಜಿ ನಮೂನೆ ಇದರೊಳಗಿದೆ, ತಿಂಗಳ ಕೊನೆಯೊಳಗೆ ತುಂಬಿ ಕಳಿಸಬೇಕು. ಈಗಿನ ಕೆಲಸವೇ ಹಿತವಾಗಿದ್ದರೆ ಹರಿದು ಹಾಕು, ನನಗೇನೂ ಬೇಸರವಿಲ್ಲ. ಯಾಕೆ ಬೇಕಿತ್ತೆಂದು ಮಾತ್ರ ಬರೆ.