ಡ್ರಾದಲ್ಲಿದ್ದ ನಾಲ್ಕು ಲಿಂಗಗಳು

ಶರಣಬಸಮ್ಮ ಅಕ್ಕನಿಗೆ,

ನೀನು ಕಲಬುರಗಿಗೆ ಹೋಗಿ ವರ್ಷವಾಯಿತು. ನನ್ನ ಫೋನ್ ಎತ್ತುವುದಿಲ್ಲ, ಈ ಕಾಗದವನ್ನೂ ಓದುವುದಿಲ್ಲ. ಆದ್ದರಿಂದ ಕಳಿಸುವುದಿಲ್ಲ.

ಇವತ್ತು ಮಿಯಾಪುರದ ಆ ಆಶ್ರಮಕ್ಕೆ ಹೋಗಿದ್ದೆ, ನಿನ್ನ ಮನಸ್ಸು ಸರಿಹೋಗಲೆಂದು ನಾನು ಸೇರಿಸಿದ್ದ ಜಾಗಕ್ಕೆ. ಅಲ್ಲಿ ನಿನ್ನ ಕೊರಳಿಂದ ತೆಗೆಸಿದ ಇಷ್ಟಲಿಂಗವನ್ನು ತಂದುಕೊಟ್ಟರೆ ನೀನು ಬಾಗಿಲಾದರೂ ತೆರೆಯಬಹುದು ಎಂದುಕೊಂಡೆ.

ಮ್ಯಾನೇಜರ್ ನಮ್ಮ ರಾಯಚೂರಿನ ಕಡೆಯವನೇ. "ದಾರ ಕೊರಳಿಗೆ ಬಿಗಕೊಂಡಾರು ಅಂತ ತಗಸ್ತೀವ್ರಿ" ಎಂದ.

"ದಾರ ಬಿಚ್ಚಿ ಲಿಂಗ ಕೊಡಬಹುದಿತ್ತಲ್ರಿ?"

"ಇಲ್ಲಿ ಎಲ್ಲಾರೂ ನಮ್ಮ ಗುರುಗಳ ಪೂಜಾನ ಮಾಡಬೇಕ್ರಿ."

"ಅಕ್ಕನ್ನ ಕೇಳಿ ತಗಸಿದ್ರೇನ್ರಿ?"

"ಪೇಷಂಟನ್ನ ಏನ್ ಕೇಳೋದ್ರಿ? ನಿಮ್ಮನ್ನ ಕೇಳೀವಲ್ಲ" ಎಂದು ಫೈಲು ನನ್ನತ್ತ ತಿರುಗಿಸಿದ.

ಆಶ್ರಮದ ನಿಯಮಗಳಿಗೆಲ್ಲ ಒಪ್ಪಿಗೆ ಎಂಬಲ್ಲಿ ನನ್ನ ಸಹಿ ಇತ್ತು. ಅದರ ಕೆಳಗೆ ಬರೆದಿತ್ತು: ಲಿಂಗ ಕೊಡಿ ಎಂದು ಅಳುತ್ತಾಳೆ, ಊಟ ಬಿಟ್ಟಿದ್ದಾಳೆ, ಕಾಯಿಲೆ ಹೆಚ್ಚಿದೆ. ಲಿಂಗಪೂಜೆಯಿಲ್ಲದೆ ನೀನು ಎಂದೂ ಉಂಡವಳಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಆ ವಾರವೇ ನೀನು ನನಗೆ ಫೋನ್ ಮಾಡಿದ್ದೆ. "ಅವರು ಹೇಳಿದಂಗ ಕೇಳು" ಎಂದು ನಾನು ಇಟ್ಟುಬಿಟ್ಟಿದ್ದೆ.

ಮೇಜು ಬಡಿದು ಕೂಗಾಡಿದೆ. ಅವನು ಬೇಸರದಿಂದ ಮೇಜಿನ ಡ್ರಾ ಎಳೆದ. ಒಳಗೆ ನಾಲ್ಕು ಲಿಂಗಗಳಿದ್ದವು. ಒಂದಕ್ಕೂ ಹೆಸರಿನ ಚೀಟಿಯಿಲ್ಲ.

"ನಿಮ್ಮಕ್ಕಾರದು ಯಾವ್ದು, ಆರಿಸ್ಕೋರಿ."

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು, ನೀನು ಅದನ್ನು ಅಂಗೈಯಲ್ಲಿಟ್ಟು ಪೂಜಿಸುವುದನ್ನು ದಿನವೂ ಕಂಡಿದ್ದೆ. ನಾಲ್ಕನ್ನೂ ಮತ್ತೆ ಮತ್ತೆ ನೋಡಿದೆ. ನಿನ್ನದು ಯಾವುದೆಂದು ಗೊತ್ತಾಗಲಿಲ್ಲ ಅಕ್ಕಾ. ಬರಿಗೈಯಲ್ಲಿ ಬಂದೆ.

ವಿಜಯಕುಮಾರ